ಖಾಲಿ ಕೊಳವೆಯ ಪ್ಲಾಟಿನಂ

ಫೆಬ್ರವರಿ 11

ಹಾಳಾಗಿ ಹೋಯ್ತು. ಇದಕ್ಕಿಂತ ಮರ್ಯಾದೆಯ ಮಾತು ಇವತ್ತು ನನ್ನ ಬಾಯಲ್ಲಿ ಬರ್ತಿಲ್ಲ.

ಆಕಾಶದಿಂದ ಬಿದ್ದ ಒಂದು ಕಲ್ಲನ್ನು ಆಮ್ಲದ ಮೇಲೆ ಆಮ್ಲ ಹಾಕಿ ತಿಂಗಳುಗಟ್ಟಲೆ ಕರಗಿಸಿದೆ. ಕಲ್ಲೆಲ್ಲ ಕರಗಿದರೂ ತಳದಲ್ಲಿ ಕರಗದೆ ಉಳಿಯೋದು ಒಂದಿಷ್ಟು ಮಸಿ. ನೋಡೋಕೆ ಪೆನ್ಸಿಲ್ ಹೆರೆದಾಗ ಬೀಳುವ ಪುಡಿ ಥರ. ಆದರೆ ಅದು ಸೂರ್ಯನಿಗಿಂತ ಹಳೆಯದು. ಬೇರೆ ಯಾವುದೋ ನಕ್ಷತ್ರ ಸಾಯುವಾಗ ಉಗುಳಿಹೋದ ಧೂಳು. ಅದರೊಳಗಿನ ಪ್ಲಾಟಿನಂ ಎಲ್ಲಿ ಹುಟ್ಟಿದ್ದು ಅಂತ ಹೇಳೋದು ನನ್ನ ಕೆಲಸ. ಪ್ಲಾಟಿನಂನಲ್ಲೇ ತೂಕ ಒಂಚೂರು ಹೆಚ್ಚುಕಡಿಮೆ ಇರುವ ಹಲವು ಬಗೆ ಇವೆ. ಭೂಮಿಯಲ್ಲಿ ಎಲ್ಲಿಂದ ತೆಗೆದರೂ ಅವು ಒಂದೇ ಪ್ರಮಾಣದಲ್ಲಿ ಬೆರೆತಿರುತ್ತವೆ. ನನ್ನ ಮಸಿಯಲ್ಲಿ ಮಾತ್ರ ಆ ಪ್ರಮಾಣ ಬೇರೆ ಇರಬೇಕು.

ಯಂತ್ರ ಏನು ಹೇಳ್ತು? ಬೇರೆ ಏನೂ ಇಲ್ಲ, ಅಪ್ಪಟ ಭೂಮಿ ಅಂತು. ಬ್ಲ್ಯಾಂಕ್ ನೋಡಿದರೆ ಅದರಲ್ಲೂ ಪ್ಲಾಟಿನಂ. ಬ್ಲ್ಯಾಂಕ್ ಅಂದರೆ ಖಾಲಿ ಕೊಳವೆ. ಮಸಿಗೆ ಮಾಡೋ ಉಪಚಾರವನ್ನೆಲ್ಲ ಏನೂ ಇಲ್ಲದ ಕೊಳವೆಗೂ ಮಾಡಿ ಅಳೀತೀವಿ, ನಮ್ಮ ಕೈಯಿಂದಲೇ ಏನಾದರೂ ಸೇರಿತಾ ಅಂತ ತಿಳಿಯೋಕೆ. ಗ್ರಾಮಿನ ಲಕ್ಷ ಕೋಟಿ ಪಾಲಿನಲ್ಲಿ ಒಂದೆರಡು ಪಾಲು ಬಂದರೆ ಸಹಿಸಬಹುದು. ಬಂದಿರೋದು ನೂರಾರು. ಎಲ್ಲಿಂದಲೋ ಪ್ಲಾಟಿನಂ, ಧೂಳಿನ ಕಣವೂ ನುಸುಳದಂತೆ ಕಟ್ಟಿದ ನಮ್ಮ ಕೋಣೆಯೊಳಗೆ ನುಗ್ಗಿ ನನ್ನ ನಕ್ಷತ್ರವನ್ನು ಮುಚ್ಚಿಹಾಕಿದೆ. ಅರ್ಧ ಮಸಿ ಹೋಯ್ತು, ಇನ್ನರ್ಧ ಇದೆ. ಅದೂ ಹೋದರೆ ಆ ಕಲ್ಲಿನ ಇನ್ನೊಂದು ಚೂರನ್ನು ನನಗೆ ಯಾರೂ ಕೊಡಲ್ಲ.

ಮನೆಗೆ ಬಂದರೆ ಅಕ್ಕ ಸೋಫಾದ ಮೇಲೆ ಬಕೆಟ್ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು. "ನಿನ್ನ ಧೂಳು ಏನಂತು?" ಅಂದಳು. "ಸುಮ್ನಿರು" ಅಂದೆ. ಬಕೆಟ್ ತೊಳೆದೆ, ಹಾಸಿಗೆ ಬಟ್ಟೆ ಬದಲಾಯಿಸಿದೆ, ಸೂಪು ಮಾಡಿದೆ. ಕುಡಿಯಲಿಲ್ಲ.

ಫೆಬ್ರವರಿ 16

ವಾರವೆಲ್ಲ ತಿಕ್ಕಿದ್ದೇ ತಿಕ್ಕಿದ್ದು. ಆಮ್ಲದ ಬಾಟಲಿ ಬದಲಾಯ್ತು, ಕೊಳವೆಗಳು ಬದಲಾದವು, ಗಾಳಿ ಸೋಸುವ ಜಾಲರಿ ಬದಲಾಯ್ತು. ಬ್ಲ್ಯಾಂಕ್ ಜಪ್ಪಯ್ಯ ಅಂದರೂ ಇಳಿಯಲ್ಲ.

ಯಂತ್ರ ನೋಡಿಕೊಳ್ಳೋ ಮೀಸೆಯ ಮೇಲೆ ನನಗೆ ಅನುಮಾನ. ಅವನ ಹೆಸರೇ ಎಲ್ಲರಿಗೂ ಮರೆತುಹೋಗಿದೆ, ಅಂಥ ಮೀಸೆ. ಎಲ್ಲರೆದುರೇ ಕೇಳಿಬಿಟ್ಟೆ: "ಮನೆಯಲ್ಲಿ ಯಾರಿಗಾದ್ರೂ ಪ್ಲಾಟಿನಂ ಉಂಗುರ ಇದೆಯಾ? ನೀವು ಹಾಕಿಕೊಂಡು ಬರ್ತೀರಾ?" ಅವನು ಎರಡೂ ಕೈಗಳ ಬೆರಳನ್ನು ಬಿಡಿಸಿ ತೋರಿಸಿದ. "ಹಾಗಾದ್ರೆ ಆ ಮೀಸೆ ಬೋಳಿಸಿ, ಅದರಲ್ಲಿ ಇಡೀ ರಸ್ತೆಯ ಧೂಳಿದೆ" ಅಂದೆ. ಅವನು ಮಧ್ಯಾಹ್ನದಿಂದ ಮೀಸೆಗೆ ಎರಡು ಮಾಸ್ಕ್ ಕಟ್ಟಿಕೊಂಡು ಓಡಾಡಿದ.

ಮೇಡಂ ನನ್ನನ್ನು ಕರೆದು, "ಮನೇಲಿ ಎಲ್ಲ ಸರಿ ಇದೆಯಾ?" ಅಂದರು. ನಮ್ಮ ಪ್ರಯೋಗಾಲಯ ಕಟ್ಟಿದವರು ಅವರೇ, ಅವರು ಕೇಳಿದರೆ ಉತ್ತರ ಕೊಡಲೇಬೇಕು. ಸರಿ ಇದೆ ಅಂದೆ. ಈ ಕೆಲಸಕ್ಕೂ ಮನೆಗೂ ಏನು ಸಂಬಂಧ?

ಫೆಬ್ರವರಿ 27

ಅಕ್ಕನಿಗೆ ಮೂರನೇ ಡ್ರಿಪ್. ಬರೆಯೋದಕ್ಕೆ ಕೈ ಬರ್ತಿಲ್ಲ, ಆದರೂ ಬರೀತೀನಿ.

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ಅಮ್ಮ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗ್ತಿದ್ದೆ, ಸಾಕಿದ್ದು ಅವಳೇ. ಮದುವೆ ಗಿದುವೆ ಅಂತ ಯೋಚಿಸೋಕೆ ಪುರುಸೊತ್ತೇ ಸಿಗಲಿಲ್ಲ ಅಂತಾಳೆ. ಡಿಸೆಂಬರಿನಲ್ಲಿ ಹೊಟ್ಟೆಯೊಳಗೆ ಕ್ಯಾನ್ಸರ್ ಗಡ್ಡೆ ಅಂತ ಗೊತ್ತಾದ ಮೇಲೆ ನನ್ನ ಮನೆಗೆ ಬಂದಳು. ಆಸ್ಪತ್ರೆಯ ಉದ್ದ ಹಾಲಿನಲ್ಲಿ ಎಲ್ಲರೂ ತೆಪ್ಪಗೆ ಕೂತಿದ್ದರೆ ಇವಳು ಮಾತ್ರ, "ಏನ್ರೀ, ಎಲ್ರೂ ಸೀಟು ಸಿಕ್ಕ ಮೇಲೂ ಮುಖ ಗಂಟು ಹಾಕ್ಕೊಂಡಿದೀರಲ್ಲ!" ಅಂತ ಪಕ್ಕದವರನ್ನು ನಗಿಸ್ತಾಳೆ.

ಡ್ರಿಪ್ ಚುಚ್ಚೋ ಮೊದಲು ಇಬ್ಬರು ನರ್ಸುಗಳು ಎದುರುಬದುರು ನಿಂತು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಿ ಹೇಳ್ತಾರೆ, ತಪ್ಪು ಔಷಧಿ ತಪ್ಪು ರೋಗಿಗೆ ಹೋಗಬಾರದು ಅಂತ. ಅಕ್ಕನ ಹೆಸರು ಓದಿದರು. ಆಮೇಲೆ ಒಬ್ಬಳು "ಕಾರ್ಬೋಪ್ಲಾಟಿನ್" ಅಂದಳು. ಇನ್ನೊಬ್ಬಳು "ಕಾರ್ಬೋಪ್ಲಾಟಿನ್, ಸರಿ" ಅಂದಳು.

ಹೆಸರಲ್ಲೇ ಇದೆ! ಮೂರು ಸಲ ಬಂದಿದೀನಿ, ಮೂರು ಸಲವೂ ಆ ಚೀಲದ ಮೇಲೆ ಓದಿದೀನಿ. ಅದರ ಅಣು ಬರೆದು ತೋರಿಸು ಅಂದರೆ ನಿದ್ದೆಗಣ್ಣಲ್ಲೂ ಬರೀತೀನಿ, ನಟ್ಟನಡುವೆ ಕೂತಿರೋದೇ ಒಂದು ಪ್ಲಾಟಿನಂ ಪರಮಾಣು. ಅದು ಮೂತ್ರದಲ್ಲಿ, ವಾಂತಿಯಲ್ಲಿ, ಬೆವರಿನಲ್ಲಿ ಹೊರಗೆ ಬರುತ್ತೆ. ಬಕೆಟ್ ತೊಳೆಯೋಳು ನಾನು. ಬಟ್ಟೆ ಒಗೆಯೋಳು ನಾನು. ಅವಳ ಶಾಲು ಹೊದ್ದುಕೊಂಡು ಪಕ್ಕದಲ್ಲಿ ಮಲಗೋಳು ನಾನು. ಬೆಳಿಗ್ಗೆ ಎದ್ದು ಜಗತ್ತಿನಲ್ಲೇ ಅತ್ಯಂತ ಚೊಕ್ಕ ಕೋಣೆಯೊಳಗೆ ಕಾಲಿಡೋಳೂ ನಾನೇ. ಮೀಸೆಯ ಮೀಸೆ ಬೋಳಿಸಿ ಅಂದಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ನಾನು ದಡಬಡಿಸಿ ಎದ್ದುನಿಂತದ್ದು ನೋಡಿ ಅಕ್ಕ, "ಏನೇ, ಹಾವು ಕಂಡೋಳ ಥರ?" ಅಂದಳು. ಏನಿಲ್ಲ ಅಂದೆ.

ಮಾರ್ಚ್ 4

ಮೀಸೆ ಒಬ್ಬನೇ ಮಾಡಿದ ಬ್ಲ್ಯಾಂಕ್: ಚೊಕ್ಕ. ನಾನು ಪಕ್ಕದಲ್ಲಿ ನಿಂತು ಮಾಡಿದ್ದು: ಕೊಳಕು. ನನ್ನ ಹೆಗಲು, ಕೂದಲು, ಅಂಗೈ ಒರೆಸಿದ ಬಟ್ಟೆಯ ಚೂರನ್ನು ಅಳೆದಾಗ ಅಂಕಿ ನೋಡಿ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲಿಗೆ ಕಳ್ಳಿ ಸಿಕ್ಕಿಬಿದ್ದಳು.

ಮೀಸೆಗೆ ತಪ್ಪಾಯ್ತು ಅಂದೆ. "ಅಯ್ಯೋ ಬಿಡಿ, ಮಾಸ್ಕಿನಿಂದ ನೆಗಡಿ ಹತ್ತಿರ ಬರಲಿಲ್ಲ" ಅಂದ. ಆಮೇಲೆ ಮೆತ್ತಗೆ, "ಅಕ್ಕ ಹೇಗಿದ್ದಾರೆ?" ಅಂದ. ನನಗೆ ಯಾಕೋ ಸಿಟ್ಟು ಬಂತು.

ಮೇಡಂ ತೀರ್ಮಾನ ಹೇಳಿದರು. ಚಿಕಿತ್ಸೆ ಮುಗಿಯೋವರೆಗೆ, ಮುಗಿದ ಮೇಲೂ ಪರೀಕ್ಷೆಯಲ್ಲಿ ಚೊಕ್ಕ ಅನ್ನಿಸಿಕೊಳ್ಳೋವರೆಗೆ, ನಾನು ಆ ಕೋಣೆಗೆ ಕಾಲಿಡುವಂತಿಲ್ಲ. "ಅಷ್ಟು ಕಾಯೋಕೆ ಆಗದಿದ್ರೆ ಉಳಿದ ಮಸೀನ ಮೀಸೆ ಅಳೀಲಿ. ನಿನ್ನ ಹೆಸರೂ ಇರುತ್ತೆ" ಅಂದರು. ನನ್ನ ಹೆಸರೂ! ನಾನು ಹೆತ್ತ ಮಗುವಿಗೆ ನನ್ನ ಹೆಸರೂ ಇರುತ್ತಂತೆ. ಕಾಯ್ತೀನಿ, ಯಾರೂ ಮುಟ್ಟಬೇಡಿ ಅಂದೆ.

ಮಾರ್ಚ್ 9

ಅಕ್ಕ ಇವತ್ತು ಸ್ವಲ್ಪ ಗೆಲುವಾಗಿದ್ದಳು, ಬ್ರೆಡ್ಡು ತಿಂದಳು. ಪ್ಲಾಟಿನಂ ಕಥೆ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಾದರೂ ನಕ್ಕಳು.

"ಹಾಗಾದ್ರೆ ನಿನ್ನ ಕೊಳವೆಯೊಳಗೆ ಕೂತಿರೋದು ನಾನಾ?"

"ನೀನೇ. ಟಿಕೆಟ್ ಇಲ್ದೆ."

ಇದು ಮೊದಲು ಎಲ್ಲಿಂದ ಬಂತು ಅಂತ ಕೇಳಿದಳು. ಸತ್ತ ನಕ್ಷತ್ರಗಳು ಎರಡು ಒಂದಕ್ಕೊಂದು ಗುದ್ದಿದಾಗ ಇಂಥ ಭಾರದ ಧಾತುಗಳು ಹುಟ್ಟುತ್ತವೆ ಅಂದೆ. "ಗುದ್ದಿದ ಮೇಲೆ ಇಬ್ಬರು ಡ್ರೈವರ್‌ಗಳೂ ರಸ್ತೇಲಿ ನಿಂತು ಜಗಳ ಆಡಲಿಲ್ವಾ?" ಅಂದಳು. ಭೂಮಿ ಕರಗಿದ್ದಾಗ ಇದ್ದಬದ್ದ ಪ್ಲಾಟಿನಂ ಕಬ್ಬಿಣದ ಜೊತೆ ಒಳಗಿಳಿದು ಹೋಯ್ತು, ಮೇಲೆ ಸಿಗೋದೆಲ್ಲ ಬಹುಪಾಲು ಆಮೇಲೆ ಬಿದ್ದ ಕಲ್ಲುಗಳ ಜೊತೆ ಬಂದದ್ದು ಅಂದೆ. "ಓ, ಲೇಟಾಗಿ ಬಂದು ಬಾಗಿಲಲ್ಲಿ ನೇತಾಡೋ ಜನ" ಅಂತ ತಲೆ ಆಡಿಸಿದಳು. ನಮ್ಮ ವಿದ್ಯಾರ್ಥಿಗಳಿಗೆ ಇಷ್ಟು ಬೇಗ ಅರ್ಥ ಮಾಡಿಸಿದ್ದು ನೆನಪಿಲ್ಲ.

ಆಮೇಲೆ ಕೇಳಿದಳು, "ಅಂದ್ರೆ ನನ್ನ ಔಷಧಿ ನಿಲ್ಲೋವರೆಗೂ ನಿನ್ನ ಕೆಲಸ ನಿಂತ ಹಾಗೇನಾ ಪುಟ್ಟಿ?"

ಹೂಂ ಅಂದೆ. ಯೋಚನೆ ಮಾಡದೆ ಅಂದುಬಿಟ್ಟೆ.

ಮಾರ್ಚ್ 20

ಸ್ಕ್ಯಾನ್ ಬಂತು. ಗಡ್ಡೆ ಕುಗ್ಗಿಲ್ಲ. ಪಿತ್ತಕೋಶದ ಹತ್ತಿರ ಹೊಸದೊಂದು ಕಾಣಿಸಿಕೊಂಡಿದೆ. ಡಾಕ್ಟರಮ್ಮ ನಮ್ಮಿಬ್ಬರ ಮುಖವನ್ನೂ ನೋಡುತ್ತಾ, "ಇನ್ನೂ ಮೂರು ಡ್ರಿಪ್ ಕೊಟ್ಟು ನೋಡಬಹುದು, ಜೊತೆಗೆ ಇನ್ನೊಂದು ಔಷಧಿ ಸೇರಿಸಿ" ಅಂದರು. ಅವರ ಮಾತು ಮುಗಿಯೋ ಮೊದಲೇ "ಕೊಡಿ" ಅಂದೆ. ಅಕ್ಕ ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು.

ಬರುವಾಗ ಟ್ಯಾಕ್ಸಿಯಲ್ಲಿ ಒಂದು ಜೋಕೂ ಇಲ್ಲ.

ಮಾರ್ಚ್ 24

"ನಾನಿನ್ನು ಡ್ರಿಪ್ ಹಾಕಿಸ್ಕೊಳ್ಳಲ್ಲ" ಅಂದಳು. ಮೊಟ್ಟೆ ಸುಲಿಯುತ್ತಾ ಇದ್ದಳು, ತಲೆ ಎತ್ತದೆ ಅಂದಳು.

ನನಗೆ ಮೈಯೆಲ್ಲ ಉರಿದುಹೋಯ್ತು. "ನಂಗೋಸ್ಕರ ತಾನೇ? ನನ್ನ ಬ್ಲ್ಯಾಂಕ್ ಚೊಕ್ಕ ಆಗ್ಲಿ ಅಂತ ತಾನೇ? ಆವತ್ತು ಕೇಳಿದಾಗ್ಲೇ ಅಂದ್ಕೊಂಡೆ!"

"ನಿನ್ನ ಬ್ಲ್ಯಾಂಕಿಗೆ ಬೆಂಕಿ ಬೀಳ!" ಅಂದಳು. "ಮಸಿಗೋಸ್ಕರ ಪ್ರಾಣ ಬಿಡೋ ಅಷ್ಟು ಪೆದ್ದಿ ಅಂದ್ಕೊಂಡಿದೀಯಾ ನನ್ನ?"

"ಜೀವಮಾನವೆಲ್ಲ ಅದೇ ಮಾಡಿದೀಯಲ್ಲ. ನನ್ನ ಓದು, ನನ್ನ ಫೀಸು, ನನ್ನ ಊಟ. ಈಗ ಇದೊಂದು ಬಾಕಿ ಇತ್ತಾ?"

ಅಕ್ಕ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟು ಎದ್ದುಹೋದಳು. ಗೋಡೆ ಹಿಡಿದುಕೊಂಡು ಹೋದಳು. ನಾನು ಎದ್ದು ಹಿಡಿದುಕೊಳ್ಳಲಿಲ್ಲ. ಅಷ್ಟು ಸಿಟ್ಟು.

ಮಾರ್ಚ್ 25

ಮಾತಿಲ್ಲ. ಸೂಪು ಅವಳ ಬಾಗಿಲ ಹತ್ತಿರ ಇಟ್ಟು ಬಂದೆ. ಲೋಟ ಖಾಲಿಯಾಗಿ ವಾಪಸ್ ಬಂತು.

ಮಾರ್ಚ್ 27

ಅವಳಿಗೆ ಹೇಳದೆ ಡಾಕ್ಟರಮ್ಮನ ಹತ್ತಿರ ಹೋದೆ. ಇನ್ನೂ ಮೂರು ಡ್ರಿಪ್ ಕೊಟ್ಟರೆ ಅಕ್ಕ ಎಷ್ಟು ದಿನ ಇರ್ತಾಳೆ, ಕೊಡದಿದ್ದರೆ ಎಷ್ಟು ದಿನ, ವ್ಯತ್ಯಾಸ ಹೇಳಿ ಅಂದೆ. ನನಗೆ ಗೊತ್ತಿರೋ ಭಾಷೆ ಅದೊಂದೇ. ಅವರು ಪೆನ್ನು ಕೆಳಗಿಟ್ಟು, "ವ್ಯತ್ಯಾಸ ಇದ್ರೆ ಕೆಲವು ವಾರ. ಆ ವಾರಗಳನ್ನ ಅವರು ಇಲ್ಲೇ ಮಲಗಿ ಕಳೀತಾರೆ" ಅಂದರು. "ಮೊದಲೇ ಯಾಕೆ ಹೇಳಲಿಲ್ಲ?" ಅಂತ ಕೇಳಿದೆ. "ನೀವು ಬಿಡಲಿಲ್ಲ" ಅಂದರು.

ಮನೆಗೆ ಬಂದು ಅವಳ ಹಾಸಿಗೆಯ ಅಂಚಿನಲ್ಲಿ ಕೂತೆ. ಅವಳೇ ಶುರು ಮಾಡಿದಳು.

"ಡ್ರಿಪ್ ಆದ್ಮೇಲೆ ಎಷ್ಟೋ ದಿನ ನಾನು ಮನುಷ್ಯಳೇ ಅಲ್ಲ ಕಣೇ. ಬಾಯೆಲ್ಲ ಹುಣ್ಣು, ಬೆರಳೆಲ್ಲ ಜೋಮು. ನಿನ್ನ ಮುಖ ನೋಡಿದ್ರೂ ವಾಕರಿಕೆ. ಸ್ವಲ್ಪ ಸುಧಾರಿಸ್ಕೊಂಡೆ ಅನ್ನೋಷ್ಟರಲ್ಲಿ ಮುಂದಿನದು. ನಂಗೆ ಸಾಕಾಗಿದೆ. ನಿಜವಾಗ್ಲೂ ಸಾಕಾಗಿದೆ."

"ಇನ್ನು ಸ್ವಲ್ಪ ದಿನ ಅಕ್ಕ."

"ಇಳೀತೀನಿ ಅಂತ ಪ್ಯಾಸೆಂಜರ್ ಕೇಳಿದ್ರೆ ಬೆಲ್ ಹೊಡೀಲೇಬೇಕು. ಇಲ್ಲಿ ಬೇಡ, ಇನ್ನೊಂದು ಸ್ಟಾಪ್ ಬನ್ನಿ ಅಂತ ಹಿಡಿದು ಕೂರಿಸೋಕೆ ಬರಲ್ಲ. ಇಷ್ಟು ವರ್ಷದಲ್ಲಿ ನಾನು ಯಾರನ್ನೂ ಹಾಗೆ ಕೂರಿಸಿಲ್ಲ."

"ನಾನೊಬ್ಳೇ ಆಗಿಬಿಡ್ತೀನಲ್ಲ" ಅಂದೆ. ಇಷ್ಟು ವಯಸ್ಸಾಗಿ, ಕೂದಲು ಬೆಳ್ಳಗಾಗ್ತಾ ಬಂದು, ಹೀಗಂದೆ.

"ಆಗ್ತೀಯ" ಅಂದಳು. "ಅದಕ್ಕೆ ನನ್ನ ಹತ್ರ ಔಷಧಿ ಇಲ್ಲ ಪುಟ್ಟಿ."

ಸುಳ್ಳಾದರೂ ಹೇಳಬಹುದಿತ್ತು. ಹೇಳಲಿಲ್ಲ. ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತೆ, ಸಾಕು ಅನ್ನೋವರೆಗೂ ಅತ್ತೆ. ಆಮೇಲೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಬೇಡ ಅಂತ ಹೇಳಿದೆ.

ಏಪ್ರಿಲ್ 6

ಅಕ್ಕ ಇವತ್ತು ಬಸ್ಸಿನಲ್ಲಿ ಹೋಗಬೇಕು ಅಂತ ಹಟ ಹಿಡಿದಳು. ಎಲ್ಲಿಗೆ ಅಂದರೆ ಎಲ್ಲಿಗೂ ಇಲ್ಲ, ಅವಳ ಹಳೇ ರೂಟಿನಲ್ಲಿ ಈ ತುದಿಯಿಂದ ಆ ತುದಿಗೆ. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕಾಲು ಊದಿದ್ದರಿಂದ ನನ್ನ ಚಪ್ಪಲಿ ಹಾಕಿಕೊಂಡು ಹೊರಟಳು. ನಾನು ಅವಳ ಚಪ್ಪಲಿಯಲ್ಲಿ ಬೆರಳು ತುರುಕಿಕೊಂಡು ಹಿಂದೆ ಹಿಂದೆ ನಡೆದೆ.

ಮಾರ್ಕೆಟ್ ಸ್ಟಾಪಿನಲ್ಲಿ ಜನ ನುಗ್ಗಿತು. ಈಗಿನ ಕಂಡಕ್ಟರಮ್ಮ ಪಾಪ ಮೆಲುದನಿಯವಳು, ಎಷ್ಟು ಹೇಳಿದರೂ ಬಾಗಿಲು ಬಿಟ್ಟು ಯಾರೂ ಕದಲಲ್ಲ. ಅಕ್ಕ ಕೂತಲ್ಲಿಂದಲೇ, "ಒಳಗೆ ನಡೀರಿ ಒಳಗೆ! ಮಧ್ಯದಲ್ಲಿ ಮದುವೆ ಮಂಟಪದಷ್ಟು ಜಾಗ ಇದೆ!" ಅಂತ ಒಂದು ಕೂಗು ಹಾಕಿದಳು. ಇಡೀ ಬಸ್ಸು ಸರಿಯಿತು. ಕಂಡಕ್ಟರಮ್ಮ ತಿರುಗಿ ನೋಡಿ ಕೈ ಮುಗಿದಳು. ಅಕ್ಕನ ಮುಖ ನೋಡಬೇಕಿತ್ತು. ಆಮೇಲೆ ದಾರಿಯುದ್ದಕ್ಕೂ ಒಂದೊಂದು ಸ್ಟಾಪಿನದೂ ಕಥೆ. ಇಲ್ಲಿ ಒಬ್ಬಳಿಗೆ ಹೆರಿಗೆ ನೋವು ಶುರುವಾಗಿತ್ತು, ಇಲ್ಲಿ ಒಬ್ಬ ಮುದುಕ ದಿನಾ ಹತ್ತಿ ಮುಂದಿನ ಸ್ಟಾಪಿನಲ್ಲೇ ಇಳೀತಿದ್ದ, ಯಾಕೆ ಅಂತ ಕೊನೆಗೂ ಗೊತ್ತಾಗಲಿಲ್ಲ.

ವಾಪಸ್ ಬರುವಾಗ ನನ್ನ ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಇಳಿದ ಮೇಲೆ ಮೇಡಂಗೆ ಫೋನ್ ಮಾಡಿ ಉಳಿದ ಮಸೀನ ಮೀಸೆಗೇ ಕೊಟ್ಟುಬಿಡಿ ಅಂದೆ. ಕಾಲಿಗೆ ಇಟ್ಟುಕೊಳ್ಳೋಕೆ ಎತ್ತರದ ದಿಂಬು ತರಬೇಕು, ನಾಳೆ ಮರೀಬಾರದು.

ಏಪ್ರಿಲ್ 19

ನೋವು. ಮಾರ್ಫಿನ್ ಸಿರಪ್ಪಿನ ಅಳತೆ ಹೆಚ್ಚಿಸಿದಾರೆ. ಒಂದು ಚಮಚ ಕುಡಿದು, "ಇದು ಯಾವ ನಕ್ಷತ್ರದ್ದು?" ಅಂದಳು. ಇದು ಗಸಗಸೆ ಹೂವಿನ ಗಿಡದ್ದು ಅಂದೆ. "ಪರವಾಗಿಲ್ಲ, ಹತ್ತಿರದ್ದು" ಅಂದಳು.

ಏಪ್ರಿಲ್ 30

ಅಕ್ಕನ ತಲೆಯಲ್ಲಿ ಸಣ್ಣ ಕೂದಲು ಬರ್ತಿದೆ, ಬಾತುಕೋಳಿ ಮರಿಯ ಹಾಗೆ ಮೆತ್ತಗೆ. ಎಣ್ಣೆ ಹಚ್ಚಿದೆ. ಚಿಕ್ಕವಳಿದ್ದಾಗ ನನಗೆ ಹಚ್ಚುವಾಗ ಎಷ್ಟು ಜೋರಾಗಿ ತಿಕ್ಕುತ್ತಿದ್ದೆ ನೀನು ಅಂದೆ. "ಬಸ್ಸಿಗೆ ಲೇಟಾಗ್ತಿತ್ತಲ್ಲೇ" ಅಂದಳು. ಇವತ್ತು ಆಡಿದ್ದು ಇಷ್ಟೇ.

ಮೇ 5

ಕೈ ಹಿಡಿದುಕೊಂಡು ಕೂತಿದ್ದೆ.

ಮೇ 8

ಅಕ್ಕ ಬೆಳಿಗ್ಗೆ ಹೋದಳು. ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಕರೆಯಲಿಲ್ಲ. ಕರೆದಿದ್ದರೆ ಕೇಳಿಸ್ತಿತ್ತು.

ಮೇ 21

ನೆಂಟರು ಬಂದರು, ಹೋದರು. ಬಸ್ ಡಿಪೋದವರು ಬಂದು ಹಾಲಿನಲ್ಲಿ ಕೂರೋಕೆ ಜಾಗವಿಲ್ಲದೆ ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಅಷ್ಟು ಜನ ನಗುತ್ತಾ ಅಳೋದನ್ನು ನಾನು ನೋಡಿರಲಿಲ್ಲ.

ಮಧ್ಯಾಹ್ನ ಮೀಸೆ ಫೋನ್ ಮಾಡಿದ. ಉಳಿದರ್ಧ ಮಸಿ ಅಳೆದಾಯ್ತಂತೆ. ಭೂಮಿಯದಲ್ಲ, ಖಂಡಿತ ಅಲ್ಲ, ನೀವು ಹೇಳಿದ್ದೇ ಸರಿ ಅಂತ ಒಂದೇ ಉಸಿರಿನಲ್ಲಿ ಹೇಳಿದ. ಒಳ್ಳೇದಾಯ್ತು ಅಂದೆ. ನಿಮ್ಮ ಊಟ ಆಯ್ತಾ ಅಂತ ಕೇಳಿದೆ. ಫೋನ್ ಇಟ್ಟು ಎಷ್ಟೋ ಹೊತ್ತಿನ ಮೇಲೆ ನೆನಪಾಯ್ತು, ಅಂಕಿ ಎಷ್ಟು ಬಂತು ಅಂತ ಕೇಳಲೇ ಇಲ್ಲ. ನಾಳೆ ಕೇಳಿದರಾಯ್ತು.

ಜೂನ್ 4

ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತರೆ ಗೋಡೆಗಳು ಮೈಮೇಲೆ ಬರ್ತವೆ. ಒಳಗೆ ಬಿಡೋ ಮೊದಲು ಪರೀಕ್ಷೆ: ಹೆಗಲು, ಕೂದಲು, ಅಂಗೈ ಒರೆಸಿದರು. ನನ್ನ ಕೈಯಿಂದ ಒಂದು ಖಾಲಿ ಕೊಳವೆ ಮಾಡಿಸಿದರು.

ಮೀಸೆ ಸಂಕೋಚದಿಂದ ಬಂದು, "ಇನ್ನೂ ಸ್ವಲ್ಪ ಇದೆ" ಅಂದ. ಎರಡು ವಾರ ಬಿಟ್ಟು ಬಾ, ಮನೆ ಬಟ್ಟೆಯನ್ನೆಲ್ಲ ಇನ್ನೊಮ್ಮೆ ಒಗೆಸು ಅಂತ ಮೇಡಂ ಬೆನ್ನು ಸವರಿದರು. ನನಗೆ ಬೇಜಾರಾಗಬೇಕಿತ್ತು. ಆಗಲಿಲ್ಲ. ಬರುವಾಗ ದಾರಿಯಲ್ಲಿ ಹಣ್ಣು ತಗೊಂಡೆ, ತಿಂದೆ ಕೂಡ. ಬಟ್ಟೆ ಒಗೆಯೋಕೆ ಹಾಕಲಿಲ್ಲ. ನೀರು ಸರಿಯಾಗಿ ಬರ್ತಿರಲಿಲ್ಲ.

ಜೂನ್ 19

ಮೇಡಂ ತಾವೇ ಒಬ್ಬ ಹೆಂಗಸನ್ನು ಮನೆಗೆ ಕಳಿಸಿ ಎಲ್ಲ ಒಗೆಸಿದ್ದರು. ಒಳ್ಳೇ ಮನಸ್ಸಿನಿಂದ ಮಾಡಿದ್ದು, ಬೇಡ ಅನ್ನೋಕೆ ಏನು ಕಾರಣ ಕೊಡಲಿ?

ಇವತ್ತು ಮತ್ತೆ ಒರೆಸಿದರು. ಮತ್ತೆ ಖಾಲಿ ಕೊಳವೆ ಮಾಡಿದೆ, ಹನಿ ಹನಿಯಾಗಿ ಆಮ್ಲ ಬಿಟ್ಟು, ಆರಿಸಿ, ಮತ್ತೆ ಬಿಟ್ಟು. ಮೀಸೆ ಯಂತ್ರಕ್ಕೆ ಹಾಕಿದ. ತೆರೆಯ ಮೇಲೆ ಗೆರೆ ನೆಲಕ್ಕೆ ಅಂಟಿಕೊಂಡು ಹೋಯ್ತು. ಏನೂ ಇಲ್ಲ. ಇಲ್ಲಿಗೆ ಬಂದ ಇಷ್ಟು ವರ್ಷದಲ್ಲಿ ಇಂಥ ಚೊಕ್ಕ ಬ್ಲ್ಯಾಂಕ್ ನಾನು ಕಂಡಿಲ್ಲ. "ಬನ್ನಿ ಒಳಗೆ, ನಿಮ್ಮ ಕೋಣೆ ಕಾಯ್ತಾ ಇದೆ" ಅಂತ ಮೀಸೆ ಬಾಗಿಲು ತೆಗೆದು ಹಿಡಿದ.

"ಇನ್ನೊಂದು ಸಲ ಓಡಿಸಿ" ಅಂದೆ.

"ಯಾಕೆ? ಚೊಕ್ಕ ಇದೆಯಲ್ಲ."

"ಓಡಿಸಿ."

ಓಡಿಸಿದ. ಏನೂ ಇಲ್ಲ. ಕೊಳವೆಯಲ್ಲಿ ಇನ್ನೊಂದೆರಡು ಹನಿ ಉಳಿದಿದೆ, ಅದನ್ನೂ ಹಾಕಿ ಅಂದೆ. ಮೀಸೆ ನನ್ನ ಮುಖ ನೋಡಿದ. ನನಗೆ ಕಣ್ಣು ತುಂಬಿ ತೆರೆ ಕಾಣಿಸ್ತಿರಲಿಲ್ಲ. ಒಂದು ಚೂರಾದರೂ ಬರಲಿ, ದೇವರೇ, ಲಕ್ಷ ಕೋಟಿಯಲ್ಲಿ ಒಂದು ಪಾಲಾದರೂ ಬರಲಿ ಅಂತ ನಿಂತಿದ್ದೆ. ಅವನು ಕುರ್ಚಿ ಎಳೆದು ನನ್ನನ್ನು ಕೂರಿಸಿ, ಕೊನೆಯ ಹನಿಯನ್ನೂ ಯಂತ್ರಕ್ಕೆ ಹಾಕಿದ.